ಹಿತ್ತಲಲ್ಲಿ ಮೊಳ ಹಾಕಿದವಳು

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ’ ಎಂಬ ಗಾದೆಯನ್ನು ನೀವೂ ಕೇಳಿರುತ್ತೀರಿ. ಕೊಟ್ಟದ್ದರಲ್ಲಿ ಯಾರಾದರೂ ಹುಳುಕು ತೆಗೆದರೆ ನಮ್ಮ ಹಿರಿಯರು ಈ ಮಾತನ್ನು ಚುಚ್ಚಿ ಆಡುತ್ತಿದ್ದರು. ಬಿಟ್ಟಿ ಸಿಕ್ಕಿದ ಬಟ್ಟೆಯನ್ನು ಉಟ್ಟುಕೊಂಡು ತೆಪ್ಪಗಿರುವುದು ಬಿಟ್ಟು ಅಳತೆ ನೋಡುತ್ತಾಳಲ್ಲ ಎಂದು ಆ ಹೆಂಗಸನ್ನು ಕಂಡು ತಲೆತಲಾಂತರದಿಂದ ನಗುತ್ತಲೇ ಬಂದಿದ್ದೇವೆ. ನನಗೆ ಮಾತ್ರ ಈ ಗಾದೆ ಕೇಳಿದಾಗಲೆಲ್ಲ ಒಂದು ಅನುಮಾನ. ಇದನ್ನು ಕಟ್ಟಿದವರು ದಟ್ಟಿ ಕೊಟ್ಟವರ ಮನೆಯವರೇ ಇರಬೇಕು. ಉಡುವವಳು ಅವಳು, ಬಟ್ಟೆ ಸಾಲದೆ ಬಂದರೆ ಮಾನ ಹೋಗುವುದೂ ಅವಳದೇ. ಅವಳು ಅಳೆದು ನೋಡದೆ ಇನ್ನಾರು ನೋಡಬೇಕು? ಪಾಪ, ಅಂಗಳದಲ್ಲಿ ಎಲ್ಲರೆದುರು ಅಳೆಯುವ ಧೈರ್ಯ ಸಾಲದೆ ಹಿತ್ತಲಿಗೆ ಹೋದಳಲ್ಲ, ನನಗೆ ಬೇಸರವಿರುವುದು ಅದಕ್ಕೆ.

ಬಡ ದೇಶಗಳಿಗೆ ಸಿರಿವಂತ ದೇಶಗಳು ಕೊಡುವ ನೆರವಿನ ಮಾತು ಬಂದಾಗಲೂ ಇದೇ ಗಾದೆ ಪ್ಯಾಂಟು ಕೋಟು ತೊಟ್ಟು ಎದುರಿಗೆ ಬಂದು ನಿಲ್ಲುತ್ತದೆ. ‘ಕೋಟಿಗಟ್ಟಲೆ ಡಾಲರ್ ಸುರಿದರಲ್ಲ, ಇನ್ನೇನು ಬೇಕಂತೆ ಇವರಿಗೆ?’ ಎನ್ನುತ್ತಾರೆ ಕೆಲವರು. ‘ಅಷ್ಟೊಂದು ಹೆತ್ತರೆ ಯಾರು ತಾನೇ ಸಾಕುತ್ತಾರೆ?’ ಎನ್ನುತ್ತಾರೆ ಇನ್ನು ಕೆಲವರು. ಇವರಿಬ್ಬರೊಡನೆಯೂ ನನಗೆ ಜಗಳವಿದೆ. ನಾನು ಅರ್ಥಶಾಸ್ತ್ರ ಓದಿದವಳಲ್ಲ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜಪಾಠ ಹೇಳಿದವಳು. ಆದರೆ ಕೊಟ್ಟದ್ದು ಸಾಲುತ್ತದೋ ಇಲ್ಲವೋ, ಕೊಟ್ಟ ಅಕ್ಕಿಯಲ್ಲಿ ಕಲ್ಲೆಷ್ಟಿದೆ ಎಂದು ನೋಡಲು ಪದವಿ ಬೇಕಾಗಿಲ್ಲ. ಆ ಕೆಲಸವನ್ನು ನಾವು ಹೆಂಗಸರು ದಿನಾ ಮಾಡುತ್ತೇವೆ.

ಮಾತಿಗೆ ಬಾಂಗ್ಲಾದೇಶವನ್ನೇ ತೆಗೆದುಕೊಳ್ಳಿ. ನಮ್ಮ ಕರ್ನಾಟಕಕ್ಕಿಂತ ಚಿಕ್ಕ ನೆಲ. ನಮ್ಮದು 1,91,791 ಚದರ ಕಿಲೋಮೀಟರಾದರೆ ಅವರದು ಒಂದೂವರೆ ಲಕ್ಷದೊಳಗೆ. ಅಷ್ಟರಲ್ಲೇ 1971ರಲ್ಲಿ ಸುಮಾರು ಏಳು ಕೋಟಿ ಜನರಿದ್ದರು, ಇಂದು ಹದಿನೇಳು ಕೋಟಿಯ ಮೇಲೆ. ಚಂಡಮಾರುತ, ಯುದ್ಧ, ಬರಗಾಲ ಎಲ್ಲವನ್ನೂ ನಾಲ್ಕೈದು ವರ್ಷಗಳಲ್ಲಿ ಉಂಡ ದೇಶ ಅದು. ನನ್ನ ವಯಸ್ಸಿನವರಿಗೆ ಅದು ದೂರದ ದೇಶವೂ ಅಲ್ಲ. 1971ರಲ್ಲಿ ನಾನು ಹೈಸ್ಕೂಲು ಹುಡುಗಿ. ಆ ವರ್ಷ ಗಡಿ ದಾಟಿ ಬಂದ ನಿರಾಶ್ರಿತರು ಒಂದು ಕೋಟಿಯ ಹತ್ತಿರ. ಅವರ ಪರಿಹಾರಕ್ಕೆಂದು ನವೆಂಬರಿನಿಂದ ಲಕೋಟೆಗೆ ಐದು ಪೈಸೆಯ ಹೆಚ್ಚುವರಿ ಅಂಚೆಚೀಟಿ ಅಂಟಿಸಬೇಕಾಯಿತು. ನಮ್ಮಮ್ಮ ತವರಿಗೆ ಬರೆದ ಕಾಗದದ ಮೇಲೂ ಆ ಚೀಟಿ ಇರುತ್ತಿತ್ತು. ಹಾಗೆ ನೋಡಿದರೆ ನಾವೂ ಕೊಟ್ಟವರೇ. ಪಡೆದವರಂತೂ ಹೌದೇ ಹೌದು. ಪ್ರಾಥಮಿಕ ಶಾಲೆಯಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ತಿಂದು, ಅಮೆರಿಕದ ಹಾಲಿನ ಪುಡಿ ಕುಡಿದು ಬೆಳೆದ ತಲೆಮಾರು ನಮ್ಮದು. ಆ ಉಪ್ಪಿಟ್ಟಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಹಾಗಾಗಿ ನೆರವೆಂದರೆ ಮೂಗು ಮುರಿಯುವ ಪೈಕಿ ನಾನಲ್ಲ.

ಆದರೂ ಮೊಳ ಹಾಕಬೇಕು.

ಬಾಂಗ್ಲಾ ಹುಟ್ಟುವ ಹೊತ್ತಿಗೇ ಅಮೆರಿಕದ ಅಧಿಕಾರಿಗಳ ಸಭೆಯೊಂದರಲ್ಲಿ ಅದನ್ನು ಸದಾ ಪರರ ತಲೆಯ ಮೇಲೆ ಬೀಳುವ ಹೊರೆ ಎಂಬ ಅರ್ಥದಲ್ಲಿ ಹೆಸರಿಟ್ಟು ಕರೆದರು. ಬಂಗಾಳಿಗಳ ಬಾಯಲ್ಲಿ ಆ ಮಾತು ‘ತಳವಿಲ್ಲದ ಬುಟ್ಟಿ’ ಎಂದಾಗಿ ಉಳಿಯಿತು. ಕೂಸಿಗೆ ನಾಮಕರಣವಾಗುವ ಮೊದಲೇ ಅಡ್ಡಹೆಸರು! ಮೂರು ವರ್ಷ ಕಳೆಯುವುದರೊಳಗೆ, 1974ರಲ್ಲಿ, ಪ್ರವಾಹದ ಹಿಂದೆಯೇ ಬರಗಾಲ ಬಂತು. ಆಗ ಅಮೆರಿಕದ ಧಾನ್ಯದ ಹಡಗು ತಡವಾಯಿತು. ಏಕೆ ಗೊತ್ತೇ? ಸೆಣಬನ್ನೇ ನಂಬಿದ್ದ ಆ ದೇಶ ಕ್ಯೂಬಾಕ್ಕೆ ಗೋಣಿಚೀಲ ಮಾರಿತ್ತು. ಕ್ಯೂಬಾದೊಡನೆ ವ್ಯಾಪಾರ ಮಾಡಿದವರಿಗೆ ಪಿ.ಎಲ್. 480ರ ಧಾನ್ಯವಿಲ್ಲ ಎಂಬುದು ಅಮೆರಿಕದ ಕಾನೂನು. ವ್ಯಾಪಾರ ನಿಲ್ಲಿಸುತ್ತೇವೆಂದು ಬಾಂಗ್ಲಾ ಒಪ್ಪಿ, ಧಾನ್ಯ ಬಂದು ಮುಟ್ಟುವ ಹೊತ್ತಿಗೆ ಸಾಯುವವರು ಸತ್ತಾಗಿತ್ತು. ಸರ್ಕಾರ ಒಪ್ಪಿಕೊಂಡ ಸಾವೇ ಇಪ್ಪತ್ತೈದು ಸಾವಿರದ ಮೇಲೆ, ಸಂಶೋಧಕರು ಹೇಳುವುದು ಅದರ ಎಷ್ಟೋ ಪಟ್ಟು. ಆ ಬರಕ್ಕೆ ಕಾರಣ ಬೇರೆಯೂ ಇದ್ದವು, ಢಾಕಾದ ಆಡಳಿತದ ಎಡವಟ್ಟು, ಅಕ್ಕಿ ಅಡಗಿಸಿಟ್ಟ ವ್ಯಾಪಾರಿಗಳು ಎಲ್ಲ ಸೇರಿದ್ದರು. ಆದರೂ ಹಸಿದವರ ತಟ್ಟೆಗೂ ಗೋಣಿಚೀಲಕ್ಕೂ ಗಂಟು ಹಾಕಿದ ಕೈ ಯಾವುದೆಂಬುದನ್ನು ಮರೆಯಲಾಗದು.

ಇನ್ನು ಹೆರುವ ಮಾತು. ಬಡ ದೇಶಗಳ ಕಷ್ಟಕ್ಕೆಲ್ಲ ಹೆಂಗಸಿನ ಹೊಟ್ಟೆಯೇ ಕಾರಣ ಎಂದು ತಿಳಿದವರು ಬಹಳ. 1980ರ ದಶಕದ ಬಾಂಗ್ಲಾದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿದ ಹೆಂಗಸಿಗೆ 175 ಟಾಕಾ ಹಣ, ಜೊತೆಗೊಂದು ಹೊಸ ಸೀರೆ ಕೊಡುತ್ತಿದ್ದರು. ಗಂಡಸಾದರೆ ಲುಂಗಿ. ಅಮೆರಿಕದ ನೆರವಿನ ಹಣದಿಂದ ಬರುತ್ತಿದ್ದ ಈ ಸೀರೆಗೆ ಕಾಗದಪತ್ರಗಳಲ್ಲಿ ‘ಶಸ್ತ್ರಚಿಕಿತ್ಸೆಯ ಉಡುಪು’ ಎಂಬ ಹೆಸರಿತ್ತು. ಹೆಸರಿಡುವುದರಲ್ಲಿ ಕಚೇರಿಗಳನ್ನು ಮೀರಿಸಿದವರಿಲ್ಲ! ಉಟ್ಟ ಸೀರೆಗೆ ತೇಪೆ ಹಾಕಲೂ ಬಟ್ಟೆಯಿಲ್ಲದವಳ ಮುಂದೆ ಹೊಸ ಸೀರೆ ಹಿಡಿದು ‘ನಿನ್ನ ಇಷ್ಟ, ಬಲವಂತವೇನಿಲ್ಲ’ ಎಂದರೆ ಅದಕ್ಕೆ ಇಷ್ಟವೆಂದು ಹೆಸರಿಡಬಹುದೇ? ನಮ್ಮ ದೇಶದ ಆಪರೇಷನ್ ಶಿಬಿರಗಳ ಕತೆ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ದೇಶದ ಮತ್ಲಬ್ ಎಂಬ ಕಡೆ ಇನ್ನೊಂದು ದಾರಿ ತೆರೆದಿತ್ತು. ಅಲ್ಲಿ 1975ರಲ್ಲಿ ಮನೆಮನೆಗೆ ಗರ್ಭನಿರೋಧಕ ಗುಳಿಗೆ ಹಂಚಿ ನೋಡಿದರು. ಮೊದಲು ತೆಗೆದುಕೊಂಡವರು ಆಮೇಲೆ ಬಿಟ್ಟರು. 1977ರಲ್ಲಿ ರೀತಿ ಬದಲಾಯಿಸಿದರು. ಅದೇ ಊರಿನ, ಓದುಬರಹ ಬಲ್ಲ, ಮದುವೆಯಾದ ಹೆಂಗಸರನ್ನು ನೇಮಿಸಿದರು. ಗುಳಿಗೆಯೋ ಚುಚ್ಚುಮದ್ದೋ ಇನ್ನೊಂದೋ, ಆರಿಸಿಕೊಳ್ಳುವುದನ್ನು ಅವಳಿಗೇ ಬಿಟ್ಟರು. ತಲೆ ಸುತ್ತಿದರೆ, ಮುಟ್ಟು ಏರುಪೇರಾದರೆ ಕೇಳಲು ಅದೇ ಹೆಂಗಸು ಮತ್ತೆ ಬಾಗಿಲಿಗೆ ಬರುತ್ತಿದ್ದಳು. ಬಳಸುವವರ ಸಂಖ್ಯೆ ಏರಿತು, ಏರಿ ನಿಂತಿತು. 1970ರ ದಶಕದ ಆರಂಭದಲ್ಲಿ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳನ್ನು ಹೆರುತ್ತಿದ್ದ ಆ ದೇಶದ ಹೆಂಗಸರು ಇಂದು ಹೆರುವುದು ಎರಡರ ಆಸುಪಾಸು. ‘ಅಷ್ಟೊಂದು ಹೆತ್ತರೆ’ ಎನ್ನುವ ಮಹನೀಯರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಲಿ. ಹೇಳುವವರು ಬಾಗಿಲಿಗೆ ಬಂದು ಮರ್ಯಾದೆಯಿಂದ ಹೇಳಿದರೆ, ಹೇಳಿದ ಮೇಲೆ ಮತ್ತೆ ಬಂದು ವಿಚಾರಿಸಿದರೆ, ಬಡವಿಗೂ ತನ್ನ ಹಿತ ತಿಳಿಯುತ್ತದೆ.

ಈಗ ನೀರಿನ ಕತೆಗೆ ಬರೋಣ. ನೆರವಿನ ಕತೆಗಳಲ್ಲೆಲ್ಲ ನನ್ನನ್ನು ಬಿಡದೆ ಕಾಡುವುದು ಇದು.

ಬಾಂಗ್ಲಾದ ಹಳ್ಳಿಗಳಲ್ಲಿ ಕುಡಿಯಲು ಇದ್ದುದು ಕೆರೆ ಹೊಂಡಗಳ ನೀರು. ಕಾಲರಾ, ವಾಂತಿಭೇದಿಗಳಲ್ಲಿ ಮಕ್ಕಳು ತರಗೆಲೆಗಳಂತೆ ಉದುರುತ್ತಿದ್ದವು. ಆಗ ವಿಶ್ವಸಂಸ್ಥೆಯ ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ ಕೂಡಿ ಕೈಪಂಪಿನ ಕೊಳವೆಬಾವಿಗಳನ್ನು ಕೊರೆಸಲು ಹೊರಟವು. ಉದ್ದೇಶ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನೆಲದಡಿಯ ನೀರು ತಿಳಿಯಾಗಿತ್ತು, ತಣ್ಣಗಿತ್ತು, ಮನೆಯ ಹತ್ತಿರವೇ ಇತ್ತು. ನೀರು ಹೊತ್ತು ಸೊಂಟ ಬಿದ್ದ ಹೆಂಗಸರು ಕೈಮುಗಿದು ಸ್ವಾಗತಿಸಿದರು. ಆಮೇಲೆ ಜನ ತಾವೇ ಹಣ ಕೂಡಿಸಿ ಅಂಗಳದಲ್ಲಿ ಪಂಪು ಹಾಕಿಸಿಕೊಂಡರು. ಮಗಳನ್ನು ಕೊಡುವಾಗ ಗಂಡಿನ ಮನೆಯಲ್ಲಿ ಪಂಪು ಇದೆಯೇ ಎಂದು ನೋಡುವಷ್ಟು ಅದು ಅನುಕೂಲಸ್ಥರ ಲಕ್ಷಣವಾಯಿತು. 1990ರ ದಶಕ ಬರುವಷ್ಟರಲ್ಲಿ ಹಳ್ಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಈ ಬಾವಿಗಳ ನೀರನ್ನೇ ಕುಡಿಯುತ್ತಿದ್ದರು. ವರದಿಗಳಲ್ಲಿ ಅದು ದೊಡ್ಡ ಗೆಲುವೆಂದು ದಾಖಲಾಯಿತು.

ಆ ನೀರಿನಲ್ಲಿ ಪಾಷಾಣವಿತ್ತು.

ಆರ್ಸೆನಿಕ್ ಎಂದು ಇಂಗ್ಲಿಷಿನವರು ಕರೆಯುವ, ನಮ್ಮ ಹಳಬರು ಇಲಿಗೆ ಇಡುತ್ತಿದ್ದ ಅದೇ ಪಾಷಾಣ. ಯಾರೂ ಬೆರೆಸಿದ್ದಲ್ಲ. ಹಿಮಾಲಯದಿಂದ ನದಿಗಳು ಸಾವಿರಾರು ವರ್ಷ ಹೊತ್ತು ತಂದ ಮೆಕ್ಕಲುಮಣ್ಣಿನಲ್ಲೇ ಇದ್ದದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಎದೆ ಬೆನ್ನುಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಅಂಗೈ ಅಂಗಾಲು ಗಂಟುಗಂಟಾಗಿ ಒರಟಾಗುತ್ತದೆ. ಕೊನೆಗೆ ಚರ್ಮದ, ಶ್ವಾಸಕೋಶದ, ಮೂತ್ರಕೋಶದ ಕ್ಯಾನ್ಸರ್. ಅದೇ ನದಿಗಳ ಅದೇ ಮಣ್ಣಿರುವ ನಮ್ಮ ಪಶ್ಚಿಮ ಬಂಗಾಳದಲ್ಲಿ ಇಂಥ ರೋಗಿಗಳನ್ನು ಕಲ್ಕತ್ತೆಯ ಚರ್ಮವೈದ್ಯ ಕೆ.ಸಿ. ಸಾಹಾ 1983ರಲ್ಲೇ ಗುರುತಿಸಿದ್ದರು. ಗಡಿಯಾಚೆ ಬಾವಿಯ ನೀರಿನಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. ಹತ್ತು ವರ್ಷ! ಮಣ್ಣಿಗೆ, ನೀರಿಗೆ ಪಾಸ್‌ಪೋರ್ಟು ಬೇಡ, ತಿಳಿವಳಿಕೆಗೆ ಮಾತ್ರ ಬೇಕಾಯಿತೇನೋ. 1998–99ರ ಸಮೀಕ್ಷೆಯ ಪ್ರಕಾರ ಆಳವಿಲ್ಲದ ಬಾವಿಗಳಲ್ಲಿ ನೂರಕ್ಕೆ 27ರಲ್ಲಿ ಅಲ್ಲಿನ ಸರ್ಕಾರದ ಮಿತಿಗಿಂತ ಹೆಚ್ಚಿನ ಪಾಷಾಣ. ಆ ನೀರು ಕುಡಿಯುತ್ತಿದ್ದವರು ಸುಮಾರು ಮೂರೂವರೆ ಕೋಟಿ ಮಂದಿ. ಇತಿಹಾಸದಲ್ಲೇ ಒಂದು ಜನಸಮೂಹಕ್ಕೆ ಉಂಟಾದ ಅತಿ ದೊಡ್ಡ ವಿಷಪ್ರಾಶನ ಇದೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ತಜ್ಞರು ಬರೆದರು.

ಆಮೇಲೆ ಐವತ್ತು ಲಕ್ಷದಷ್ಟು ಬಾವಿಗಳನ್ನು ಪರೀಕ್ಷಿಸಿ, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿದರು. ಸುಮಾರು ಹದಿನಾಲ್ಕು ಲಕ್ಷ ಬಾವಿಗಳು ಕೆಂಪಾದವು. ಕೆಂಪು ಬಳಿದು ಹೋದವರಿಗೆ ಕೆಲಸ ಮುಗಿಯಿತು. ಅಂಗಳದ ಪಂಪು ಬಿಟ್ಟು ಯಾರದೋ ಹಿತ್ತಲಿನ ಹಸಿರು ಪಂಪಿಗೆ ಕೊಡ ಹಿಡಿದು ಹೋಗಿ, ಅವರ ಮನೆಯವರ ಮುಖ ನೋಡುತ್ತ ನಿಲ್ಲಬೇಕಾದವಳು ಯಾರು? ಮೈಮೇಲೆ ಚುಕ್ಕೆ ಎದ್ದಾಗ ಶಾಪವೆಂದೋ ಕುಷ್ಠವೆಂದೋ ಹೆದರಿದ ಗಂಡನ ಮನೆಯವರು ತವರಿಗೆ ಅಟ್ಟಿದ್ದು ಯಾರನ್ನು? ಚುಕ್ಕೆಯ ಕಾರಣಕ್ಕೆ ಮದುವೆಯಾಗದೆ ಉಳಿದವರು ಯಾರು? ಉತ್ತರ ನಿಮಗೆ ಗೊತ್ತಿದೆ.

ಇದಕ್ಕೆ ಯಾರು ಹೊಣೆ ಎಂದು ಬಾಂಗ್ಲಾದ ಒಬ್ಬ ಹಳ್ಳಿಗ ಕೇಳಿದ, ಅದೂ ಲಂಡನ್ನಿನ ನ್ಯಾಯಾಲಯದಲ್ಲಿ. ಬ್ರಿಟನ್ನಿನ ನೆರವಿನ ಹಣದಲ್ಲಿ ಅಲ್ಲಿನ ಭೂವಿಜ್ಞಾನ ಸಂಸ್ಥೆ 1992ರಲ್ಲಿ ಬಾಂಗ್ಲಾದ ಸುಮಾರು 150 ಬಾವಿಗಳ ನೀರನ್ನು ಪರೀಕ್ಷಿಸಿತ್ತು. ಹಲವು ಧಾತುಗಳನ್ನು ನೋಡಿತ್ತು, ಪಾಷಾಣವನ್ನು ನೋಡಿರಲಿಲ್ಲ. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೊಕದ್ದಮೆಯನ್ನು ತಳ್ಳಿಹಾಕಿತು. ನೀರು ಕುಡಿಯಲು ಯೋಗ್ಯವೆಂದು ಆ ಸಂಸ್ಥೆ ಹೇಳಿರಲಿಲ್ಲ, ನೀರು ಸರಬರಾಜು ಅದರ ಕೈಯಲ್ಲಿರಲಿಲ್ಲ, ಆದ್ದರಿಂದ ಕುಡಿದವರ ಬಗ್ಗೆ ಅದಕ್ಕೆ ಕಾನೂನಿನ ಹೊಣೆಯಿಲ್ಲ ಎಂಬುದು ತೀರ್ಪಿನ ತಿರುಳು. ಕಾನೂನು ಬಲ್ಲವರು ತೀರ್ಪು ಸರಿಯೆನ್ನಬಹುದು. ನನ್ನ ತಕರಾರು ತೀರ್ಪಿನ ಮೇಲಲ್ಲ, ಅದು ಎತ್ತಿ ತೋರಿಸಿದ ಸತ್ಯದ ಮೇಲೆ. ಹಣ ಕೊಟ್ಟ ಸರ್ಕಾರಕ್ಕೆ ವರದಿ ಹೋಗುತ್ತದೆ, ಪಡೆದ ಸರ್ಕಾರಕ್ಕೂ ಒಂದು ಪ್ರತಿ ಹೋಗುತ್ತದೆ. ನೀರು ಕುಡಿದವಳಿಗೆ ಮಾತ್ರ ಯಾರೂ ಏನೂ ಹೇಳಬೇಕಾಗಿಲ್ಲ.

ತಪ್ಪೆಲ್ಲ ಬಿಳಿಯರದು ಎಂದು ಕೈತೊಳೆದುಕೊಳ್ಳುವವರಿಗೂ ಒಂದು ಮಾತು. ಪಾಷಾಣದ ಮಟ್ಟಕ್ಕಿಂತ ಕೆಳಗಿನ ಒಳ್ಳೆಯ ನೀರಿಗಾಗಿ ಸರ್ಕಾರ ಆಳದ ಬಾವಿಗಳನ್ನು ಕೊರೆಸತೊಡಗಿತು. ಅವು ಎಲ್ಲಿ ಬೇಕೋ ಅಲ್ಲಿಗಿಂತ ರಾಜಕಾರಣಿಗಳ ಹಿಂಬಾಲಕರ ಅಂಗಳಗಳಲ್ಲಿ ಹೆಚ್ಚಾಗಿ ಎದ್ದವು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2016ರ ವರದಿ ತೋರಿಸಿತು. ವಿಷ ಪತ್ತೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಸುಮಾರು ಎರಡು ಕೋಟಿ ಮಂದಿ ಅದೇ ನೀರು ಕುಡಿಯುತ್ತಿದ್ದಾರೆಂದೂ ಅದು ಹೇಳಿತು. ಕೊಡುವ ಕೈ ಪರದೇಶದ್ದಾಗಲಿ, ನಮ್ಮದೇ ಊರಿನದಾಗಲಿ, ಪಡೆದವಳಿಗೆ ಉತ್ತರ ಕೊಡಬೇಕಿಲ್ಲ ಎಂದಾದ ಮೇಲೆ ಎರಡೂ ಒಂದೇ ರೀತಿ ನಡೆದುಕೊಳ್ಳುತ್ತವೆ.

‘ಹಾಗಾದರೆ ನೆರವೇ ಬೇಡವೆನ್ನುತ್ತೀರಾ?’ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಬೇಡವೆನ್ನುವವರಿಗೆ ಉಪ್ಪು ಬೆಲ್ಲದ ಕತೆ ಹೇಳುತ್ತೇನೆ.

ಭೇದಿಯಾದ ಮಗು ಸಾಯುವುದು ಮೈಯ ನೀರು ಬಸಿದು ಹೋಗುವುದರಿಂದ. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರೆ ಕಾಲರಾ ರೋಗಿ ಬದುಕುತ್ತಾನೆ ಎಂದು 1968ರಲ್ಲಿ ಢಾಕಾದ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟರು. ನಾವು ಐದು ಪೈಸೆ ಚೀಟಿ ಅಂಟಿಸುತ್ತಿದ್ದ 1971ರಲ್ಲೇ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್, ಸೂಜಿಮದ್ದಿನ ಸಲೈನ್ ಮುಗಿದುಹೋದಾಗ, ಈ ನೀರನ್ನು ಪೀಪಾಯಿಗಳಲ್ಲಿ ಕಲಸಿಟ್ಟು ತಾಯಂದಿರ, ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ಸರ್ರನೆ ಇಳಿಯಿತು. ಆದರೆ ಈ ವಿದ್ಯೆ ಆಸ್ಪತ್ರೆ ಕಾಣದ ಹಳ್ಳಿಗೆ ತಲುಪುವುದು ಹೇಗೆ? 1972ರಲ್ಲಿ ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೆಂಗಸರನ್ನು ಕಳುಹಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಳತೆಪಾತ್ರೆ ಬೇಡ, ಪೊಟ್ಟಣ ಬೇಡ, ಅಡುಗೆಮನೆಯಲ್ಲಿ ಇರುವುದೇ ಸಾಕು. ಹೀಗೆ ಕಲಿಸಿದ ಮನೆಗಳು ಸುಮಾರು 1.2 ಕೋಟಿ. ಹಣದ ಬಹುಪಾಲು ಬಂದದ್ದು ಆಕ್ಸ್‌ಫಾಮ್‌ನಂಥ ಹೊರಗಿನ ದಾನಿಗಳಿಂದಲೇ. ಅಂದರೆ ಅದೂ ಪರದೇಶದ ನೆರವೇ.

ಹಾಗಿದ್ದರೆ ಕೊಳವೆಬಾವಿಗೂ ಇದಕ್ಕೂ ಎಲ್ಲಿ ವ್ಯತ್ಯಾಸ? ನನ್ನ ಮಟ್ಟಿಗೆ ಇಡೀ ವಾದವೇ ಇಲ್ಲಿದೆ. ಕಲಿಸಲು ಹೋದ ಆ ಕೆಲಸಗಾರ್ತಿಯರಿಗೆ ಎಷ್ಟು ಮನೆ ಮುಟ್ಟಿದಿರಿ ಎಂಬ ಲೆಕ್ಕದ ಮೇಲೆ ಸಂಬಳ ಕೊಡಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಅದೇ ಊರಿಗೆ ಹೋಗಿ, ಕೆಲವು ಮನೆಗಳನ್ನು ಆರಿಸಿ, ತಾಯಿಯನ್ನು ಕೇಳುತ್ತಿದ್ದರು. ‘ಅಮ್ಮಾ, ಏನೇನು ನೆನಪಿದೆ? ಕಲಸಿ ತೋರಿಸುತ್ತೀರಾ?’ ಅವಳಿಗೆ ಚೆನ್ನಾಗಿ ನೆನಪಿದ್ದರೆ ಕಲಿಸಿದವಳಿಗೆ ಹೆಚ್ಚು ಸಂಬಳ, ಮರೆತಿದ್ದರೆ ಕಡಿಮೆ. ಒಬ್ಬ ಬಡ, ಅಕ್ಷರ ಬಾರದ ತಾಯಿಯ ಬಾಯಿಮಾತಿನ ಮೇಲೆ ಸಂಸ್ಥೆಯ ನೌಕರಳ ಸಂಬಳ ನಿಂತಿತ್ತು! ತಾಯಂದಿರು ಕಲಿತರೂ ಬಳಸುತ್ತಿಲ್ಲವೆಂದು ಗೊತ್ತಾದಾಗಲೂ ‘ಈ ಹೆಂಗಸರಿಗೆ ಬುದ್ಧಿ ಇಲ್ಲ’ ಎಂದು ಷರಾ ಬರೆಯಲಿಲ್ಲ. ಕಲಿಸುವವರಿಗೇ ಅದರಲ್ಲಿ ನಂಬಿಕೆಯಿಲ್ಲವೆಂಬುದನ್ನು ಕಂಡುಕೊಂಡು, ಅವರನ್ನು ಢಾಕಾದ ಕಾಲರಾ ಆಸ್ಪತ್ರೆಗೆ ಕರೆದೊಯ್ದು ಕಣ್ಣಾರೆ ತೋರಿಸಿದರು. ಮನೆಯ ಗಂಡಸರಿಗೆ ತಿಳಿಸದೆ ಬಿಟ್ಟಿದ್ದರಿಂದ ಅಡ್ಡಿಯಾಗುತ್ತಿದೆ ಎಂದು ಗೊತ್ತಾದಾಗ ಅವರನ್ನೂ ಕೂರಿಸಿಕೊಂಡು ಹೇಳಿದರು. ಕೊಟ್ಟ ವಸ್ತು ಕೆಲಸ ಮಾಡುತ್ತಿದೆಯೇ ಎಂದು ಕೇಳುವ ಏರ್ಪಾಡು ಕೊಡುವ ಕೆಲಸದೊಳಗೇ ಇತ್ತು. 1970ರ ಆಸುಪಾಸಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಐದು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದ ದೇಶದಲ್ಲಿ ಇಂದು ಆ ಸಂಖ್ಯೆ ಮೂವತ್ತೈದರೊಳಗಿದೆ. ಲಸಿಕೆ, ಶಾಲೆ, ಹೆಣ್ಣುಮಕ್ಕಳ ದುಡಿಮೆ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಚಿಟಿಕೆ ಉಪ್ಪಿನ ಪಾಲೂ ಇದೆ.

ಕೊಡುವವರು ನಿಲ್ಲಿಸುವಾಗಲೂ ಹೇಳಿ ಕೇಳಿ ನಿಲ್ಲಿಸಬೇಕು. 2025ರ ಜನವರಿಯಲ್ಲಿ ಅಮೆರಿಕ ತನ್ನ ಪರದೇಶದ ನೆರವನ್ನು ದಿಢೀರನೆ ತಡೆಹಿಡಿಯಿತು. 1961ರಿಂದ ಅದನ್ನು ನಡೆಸುತ್ತಿದ್ದ ಯುಎಸ್‌ಏಡ್ ಸಂಸ್ಥೆ ಅದೇ ವರ್ಷ ಜುಲೈ 1ಕ್ಕೆ ಮುಚ್ಚಿತು. ಅವರ ಹಣ, ಅವರ ಇಷ್ಟ ಎನ್ನುತ್ತೀರೇನೋ. ಆದರೆ ಅರ್ಧಕ್ಕೆ ಬಂದ ಕ್ಷಯದ ಚಿಕಿತ್ಸೆಯನ್ನು ರೋಗಿ ಬಿಟ್ಟರೆ ಬೇಜವಾಬ್ದಾರಿ ಎಂದು ಗದರುತ್ತೇವೆ. ಮದ್ದು ಕೊಡುವವರೇ ಬಿಟ್ಟುಹೋದರೆ ಅದಕ್ಕೆ ಏನೆನ್ನಬೇಕು?

ಇದೆಲ್ಲ ಯಾರದೋ ದೇಶದ ಕತೆ ಎಂದು ಪುಟ ಮಗುಚಬೇಡಿ. ಪಾವಗಡದ ಕಡೆ, ಕೋಲಾರದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಿದ, ಬೆನ್ನು ಬಾಗಿದ ಹೆಂಗಸರನ್ನು ನೀವು ನೋಡಿಲ್ಲವೇ? ಹಟ್ಟಿ ಚಿನ್ನದ ಗಣಿಯ ಸುತ್ತಿನ ಹಳ್ಳಿಗಳ ನೀರಿನಲ್ಲೂ ಅದೇ ಪಾಷಾಣ ಕಂಡುಬಂದಿದೆ. ಅದಿರಲಿ, ನಾವೂ ಈಗ ಕೊಡುವ ಸಾಲಿಗೆ ಬಂದಿದ್ದೇವೆ. ನಮ್ಮ ಊರುಗಳ ಮಹಿಳಾ ಸಮಾಜಗಳು, ಸಂಘಗಳು ಹೊಲಿಗೆ ಯಂತ್ರ ಕೊಡುತ್ತವೆ, ಶಾಲೆಗೆ ನೀರಿನ ಫಿಲ್ಟರ್ ಕೊಡುತ್ತವೆ. ಜರಿಸೀರೆ ಉಟ್ಟು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ, ಪಡೆದವಳು ತಲೆ ತಗ್ಗಿಸಿ ತುದಿಯಲ್ಲಿ ನಿಂತಿರುತ್ತಾಳೆ. ಒಂದು ವರ್ಷದ ನಂತರ ಆ ಯಂತ್ರ ಓಡುತ್ತಿದೆಯೇ, ಫಿಲ್ಟರಿನ ಕ್ಯಾಂಡಲ್ ಬದಲಾಯಿಸಿದ್ದಾರೆಯೇ ಎಂದು ಹೋಗಿ ಕೇಳುವ ಸಂಘ ಎಷ್ಟಿವೆ?

ಆದ್ದರಿಂದ ಗೆಳತಿಯರೇ, ಕೊಡುವವರು ಯಾರೇ ಇರಲಿ, ವಾಷಿಂಗ್ಟನ್ನಿನವರೋ ವಿಧಾನಸೌಧದವರೋ ನಾವೇ ಆಗಲಿ, ಮೂರು ಮಾತು ಕೇಳಲೇಬೇಕು. ಕೊಡುವ ಮೊದಲು ಬಳಸುವವಳನ್ನು ಕೇಳಿದಿರಾ? ಕೊಟ್ಟ ಮೇಲೆ ಯಾವಾಗ ನೋಡಲು ಬರುತ್ತೀರಿ? ಕೆಟ್ಟರೆ ಯಾರ ಮನೆಯ ಬಾಗಿಲು ತಟ್ಟಬೇಕು, ಹೆಸರು ಹೇಳಿ. ಇವಕ್ಕೆ ಉತ್ತರ ಕೊಡಲಾರದವರು ಕೊಟ್ಟದ್ದು ಚಿನ್ನದ ಕೊಡವಾದರೂ ಅದರ ನೀರನ್ನು ಪರೀಕ್ಷೆ ಮಾಡಿಸದೆ ಮಗುವಿನ ಬಾಯಿಗೆ ಹಾಕಬಾರದು. ಕೇಳಿದರೆ ಕೃತಘ್ನರೆನ್ನುತ್ತಾರೆ, ಎನ್ನಲಿ. ಆ ಮಾತಿಗೆ ಹೆದರಿಯೇ ಅವಳು ಹಿತ್ತಲಿಗೆ ಹೋದದ್ದು. ನಾವು ಅಂಗಳದಲ್ಲೇ, ಹಗಲು ಹೊತ್ತಿನಲ್ಲೇ, ಕೊಟ್ಟವರ ಎದುರಿಗೇ ದಟ್ಟಿಯನ್ನು ಬಿಚ್ಚಿ ಮೊಳ ಹಾಕೋಣ.